ಅಂಕಿಗೆ ಸಿಗದ ಅರವತ್ತನಾಲ್ಕು

2024ರ ಜನವರಿ 15ರಂದು, ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ರಜೆಯ ಸೋಮವಾರ, ಅಮೆರಿಕದ ಮಿಲ್ವಾಕಿಯಿಂದ ಗ್ರೀನ್ ಬೇ ಊರಿಗೆ ನಾವು ಮೂವರು ಕಾರಿನಲ್ಲಿ ಹೊರಟೆವು: ನಾನು, ಹದಿಮೂರು ವರ್ಷದ ನನ್ನ ಮಗ ಮತ್ತು ಪಕ್ಕದ ಮನೆಯ ಹಿರಿಯರು. ಹಿಂದಿನ ಸಂಜೆಯಷ್ಟೇ ಅಮೆರಿಕನ್ ಫುಟ್‌ಬಾಲ್ ಆಡುವ ಗ್ರೀನ್ ಬೇ ಪ್ಯಾಕರ್ಸ್ ತಂಡ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರ ಅಂಗಳದಲ್ಲೇ 48-32ರಿಂದ ಸೋಲಿಸಿತ್ತು. ಏಳನೆಯ ಶ್ರೇಯಾಂಕದ ತಂಡವೊಂದು ಪ್ಲೇಆಫ್‌ನಲ್ಲಿ ಗೆದ್ದದ್ದು ಅದೇ ಮೊದಲು. ಮಗನಿಗೆ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಹಿರಿಯರಿಗೂ ಬಂದಂತೆ ಕಾಣಲಿಲ್ಲ. ಬೆಳಿಗ್ಗೆ ಎಂಟಕ್ಕೇ ಹಸಿರು ಕೋಟು ತೊಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಶೂನ್ಯಕ್ಕಿಂತ ಸುಮಾರು ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಿತ್ತು.

ದಾರಿ ಎರಡು ತಾಸಿನದು. ಹೊತ್ತು ಕಳೆಯಲೆಂದು ಮಗ ಒಂದು ಆಟ ಹೂಡಿದ. ಪ್ಯಾಕರ್ಸ್ ತಂಡದ ಇತಿಹಾಸದ ಅತ್ಯುತ್ತಮ ಐವರು ಆಟಗಾರರನ್ನು ಪ್ರತಿಯೊಬ್ಬರೂ ಆರಿಸಬೇಕು, ಆರಿಸಿದ್ದಕ್ಕೆ ಕಾರಣ ಕೊಡಬೇಕು, ವಾಪಸಾಗುವಾಗ ಪಟ್ಟಿ ಬದಲಾಗಿದ್ದರೆ ಒಪ್ಪಿಕೊಳ್ಳಬೇಕು. ದಿನಸಿ ಅಂಗಡಿಯ ರಸೀದಿಯೊಂದರ ಹಿಂಬದಿಯಲ್ಲಿ ಅವನೇ ಮೂರು ಕಲಮು ಎಳೆದ. ಅವನ ಕಲಮಿನಲ್ಲಿ ಆರನ್ ರಾಡ್ಜರ್ಸ್, ಬ್ರೆಟ್ ಫಾರ್ವ್, ರೆಗ್ಗಿ ವೈಟ್, ಚಾರ್ಲ್ಸ್ ವುಡ್ಸನ್, ಡವಾಂಟೆ ಆಡಮ್ಸ್ ಎಂಬ ಹೆಸರುಗಳು ಕ್ಷಣದಲ್ಲಿ ತುಂಬಿದವು. ಫಾರ್ವ್ ಮತ್ತು ವೈಟ್ ಅವನು ಹುಟ್ಟುವ ಮೊದಲೇ ತಂಡ ಬಿಟ್ಟವರು. ಆದರೂ ಹಳೆಯ ತುಣುಕುಗಳಲ್ಲಿ ನೋಡಿದವರನ್ನು ಈ ಕಾಲದ ಮಕ್ಕಳು ಕಣ್ಣಾರೆ ಕಂಡವರೆಂದೇ ಲೆಕ್ಕ ಹಿಡಿಯುತ್ತಾರೆ.

ನನ್ನ ಪಟ್ಟಿ ಪುಸ್ತಕದ ಪಟ್ಟಿಯಾಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಶಿವಮೊಗ್ಗದಲ್ಲಿ ರೇಡಿಯೋ ಕಾಮೆಂಟರಿ ಕೇಳುತ್ತ, ರನ್ನು ವಿಕೆಟ್ಟುಗಳ ಸರಾಸರಿಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯುತ್ತ ಬೆಳೆದವನು ಹೊಸ ಆಟವೊಂದನ್ನು ಕಲಿಯುವುದು ಅದರ ಅಂಕಿಗಳ ಮೂಲಕವೇ. ಹಾಗಾಗಿ ನಾನು ಮೊದಲಿಗೆ ಬರೆಸಿದ ಹೆಸರು ಡಾನ್ ಹಟ್ಸನ್. ಚೆಂಡನ್ನು ಎಸೆದು ಆಡುವುದಕ್ಕಿಂತ ಹಿಡಿದು ನುಗ್ಗುವುದೇ ಹೆಚ್ಚಾಗಿದ್ದ ಕಾಲದಲ್ಲಿ, 1935ರಲ್ಲಿ, ಅಲಬಾಮಾದಿಂದ ಬಂದ ಈ ಸಪೂರ ದೇಹದ ಹುಡುಗ ಚಿಕಾಗೋ ಬೇರ್ಸ್ ವಿರುದ್ಧ ಆರ್ನಿ ಹರ್ಬರ್ ಎಸೆದ ಚೆಂಡನ್ನು ಹಿಡಿದು 83 ಗಜದ ಟಚ್‌ಡೌನ್ ಗಳಿಸಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಅಂಕ ತಂದ. ಆ ಪಂದ್ಯ ಮುಗಿದದ್ದೇ 7-0ರಲ್ಲಿ. 1942ರಲ್ಲಿ ಹನ್ನೊಂದು ಪಂದ್ಯಗಳಲ್ಲಿ 74 ಬಾರಿ ಚೆಂಡು ಹಿಡಿದು 1,211 ಗಜ ಕ್ರಮಿಸಿದ, 17 ಟಚ್‌ಡೌನ್ ಗಳಿಸಿದ. ಆ ವರ್ಷ ಇಡೀ ಲೀಗಿನಲ್ಲಿ ಎರಡನೆಯ ಸ್ಥಾನದವನು ಹಿಡಿದದ್ದು 27. ಮೊದಲಿಗನಿಗೂ ಎರಡನೆಯವನಿಗೂ ಇಷ್ಟು ದೂರವಿರುವ ಉದಾಹರಣೆ ಬೇಕೆಂದರೆ ನಮ್ಮವರಿಗೆ ಬ್ರಾಡ್ಮನ್ ಹೆಸರೇ ನೆನಪಾಗಬೇಕು. 1945ರಲ್ಲಿ ಡೆಟ್ರಾಯಿಟ್ ವಿರುದ್ಧ ಒಂದೇ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ಕಾಲು ಭಾಗದಲ್ಲಿ, ನಾಲ್ಕು ಟಚ್‌ಡೌನ್ ಗಳಿಸಿ, ಐದು ಹೆಚ್ಚುವರಿ ಅಂಕಗಳನ್ನು ಒದ್ದು, ಒಟ್ಟು 29 ಅಂಕ ತಂದವನೂ ಅವನೇ. ಅವನ 99 ಟಚ್‌ಡೌನ್‌ಗಳ ದಾಖಲೆ ಮುರಿಯಲು 1989 ಬರಬೇಕಾಯಿತು. ಹಟ್ಸನ್ ನಂತರ ನಾನು ರಾಡ್ಜರ್ಸ್, ಫಾರ್ವ್, ಬಾರ್ಟ್ ಸ್ಟಾರ್, ರೆಗ್ಗಿ ವೈಟ್ ಎಂದೆ. ರಾಡ್ಜರ್ಸ್ ಈ ತಂಡಕ್ಕಾಗಿ ಎಸೆದ ಟಚ್‌ಡೌನ್‌ಗಳು 475, ಫಾರ್ವ್ ಎಸೆದದ್ದು 442. ಅಂಕಿಯಿರುವಲ್ಲಿ ವಾದಕ್ಕೆ ಜಾಗವಿಲ್ಲವೆಂದು ನಂಬಿದ್ದೆ.

ಹಿರಿಯರು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯ ಗೋಡೆಯ ಮೇಲೆ ಪ್ಯಾಕರ್ಸ್ ತಂಡದ ಒಂದು ಷೇರು ಪತ್ರ ಚೌಕಟ್ಟಿನಲ್ಲಿದೆ. 1997ರಲ್ಲಿ ತಂಡ ಷೇರು ಮಾರಲು ತೊಡಗಿದಾಗ ಇನ್ನೂರು ಡಾಲರ್ ಕೊಟ್ಟು ಕೊಂಡದ್ದು. ಲಾಭಾಂಶವಿಲ್ಲದ, ಲಾಭಕ್ಕೆ ಮಾರಲು ಬಾರದ ಆ ಕಾಗದವನ್ನು ಐದು ಲಕ್ಷಕ್ಕೂ ಹೆಚ್ಚು ಜನ ಇಟ್ಟುಕೊಂಡಿದ್ದಾರೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರಿನ ತಂಡವೊಂದು ನ್ಯೂಯಾರ್ಕ್, ಚಿಕಾಗೋಗಳೆದುರು ಇನ್ನೂ ಉಳಿದಿರುವುದಕ್ಕೆ, ಶ್ರೀಮಂತನೊಬ್ಬ ಅದನ್ನು ಕೊಂಡು ಬೇರೆಡೆಗೆ ಒಯ್ಯಲಾಗದಿರುವುದಕ್ಕೆ ಈ ಏರ್ಪಾಡೇ ಕಾರಣ. ಷೇರುದಾರರ ಗತ್ತಿನಲ್ಲೇ ಅವರು ತಮ್ಮ ಪಟ್ಟಿ ಹೇಳಿದರು: ಬಾರ್ಟ್ ಸ್ಟಾರ್, ರೇ ನಿಚ್ಕೆ, ಫಾರೆಸ್ಟ್ ಗ್ರೆಗ್, ರೆಗ್ಗಿ ವೈಟ್, ಜೆರ್ರಿ ಕ್ರೇಮರ್. ಫಾರ್ವ್ ಎಲ್ಲಿ ಎಂದು ಮಗ ಕೇಳಿದ. 2009ರಲ್ಲಿ ನೇರಳೆ ಅಂಗಿ ತೊಟ್ಟು ಮಿನ್ನೆಸೋಟಾ ವೈಕಿಂಗ್ಸ್ ಪರವಾಗಿ ಇದೇ ಊರಿಗೆ ಆಡಲು ಬಂದವನ ಹೆಸರನ್ನು ಕಾರಿನಲ್ಲಿ ಎತ್ತಬಾರದೆಂದು ಉತ್ತರ ಬಂತು. 2015ರಲ್ಲಿ ತಂಡವೇ ಅವನ 4ನೆಯ ಸಂಖ್ಯೆಯನ್ನು ನಿವೃತ್ತಿಗೊಳಿಸಿ ಕ್ಷಮಿಸಿದೆಯಲ್ಲ ಎಂದೆ. ತಂಡ ಕ್ಷಮಿಸಿರಬಹುದು, ಷೇರುದಾರರನ್ನು ಯಾರೂ ಕೇಳಲಿಲ್ಲ ಎಂದರು.

ಉಳಿದ ಹೆಸರುಗಳು ನನಗೆ ಗೊತ್ತಿದ್ದವು. ಕ್ರೇಮರ್ ಮಾತ್ರ ಗೊತ್ತಿರಲಿಲ್ಲ. ದಾಖಲೆಗಳಲ್ಲಿ ಏನಿದೆ ಎಂದು ಕೇಳಿದೆ. ಏನೂ ಇಲ್ಲ, ಅವನು ಗಾರ್ಡ್ ಎಂದರು. ಎದುರಾಳಿಯನ್ನು ತಳ್ಳಿ ದಾರಿ ಬಿಡಿಸುವವನು. ಚೆಂಡು ಮುಟ್ಟದವನನ್ನು ಅತ್ಯುತ್ತಮ ಐವರಲ್ಲಿ ಇಡುವುದು ನನಗೆ ಮುದುಕರ ಹಟದಂತೆ ಕಂಡಿತು.

ಲ್ಯಾಂಬೋ ಫೀಲ್ಡ್ ದೂರದಿಂದ ನೋಡಿದರೆ ಗುಡಿಯ ಗೋಪುರದಂತೆ ಊರಿನ ಮನೆಗಳ ಮೇಲೆ ಎದ್ದು ಕಾಣುತ್ತದೆ. ಸುತ್ತ ಸಾಮಾನ್ಯ ಬೀದಿಗಳು, ಹಿಮ ಗುಡಿಸುತ್ತಿರುವ ಜನ, ನಡುವೆ ಎಂಬತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣ. ಹೊರಗೆ ತಂಡದ ಸ್ಥಾಪಕ ಕರ್ಲಿ ಲ್ಯಾಂಬೋ ಮತ್ತು ತರಬೇತುದಾರ ವಿನ್ಸ್ ಲೊಂಬಾರ್ಡಿ ಅವರ ಕಂಚಿನ ಪ್ರತಿಮೆಗಳಿವೆ. 1919ರಲ್ಲಿ ಮಾಂಸ ಡಬ್ಬಿಗಟ್ಟುವ ಕಂಪನಿಯೊಂದರಿಂದ ಅಂಗಿಗಳಿಗೆ ಹಣ ಪಡೆದು ಶುರುವಾದ ತಂಡ ಹದಿಮೂರು ಬಾರಿ ಲೀಗಿನ ಚಾಂಪಿಯನ್ ಆಗಿದೆ. ಅಷ್ಟು ಬಾರಿ ಬೇರೆ ಯಾವ ತಂಡವೂ ಆಗಿಲ್ಲ.

ಮಾರ್ಗದರ್ಶಿಯೊಂದಿಗೆ ಆಟಗಾರರು ಅಂಗಳಕ್ಕೆ ಇಳಿಯುವ ಸುರಂಗದೊಳಗೆ ನಡೆದೆವು. ಕ್ರೀಡಾಂಗಣವನ್ನು ದೊಡ್ಡದು ಮಾಡಿದಾಗ ಹಳೆಯ ಸುರಂಗದ ನೆಲದಿಂದ ಕಿತ್ತ ಕಾಂಕ್ರೀಟಿನ ತುಂಡುಗಳನ್ನು ಹೊಸ ನೆಲದಲ್ಲಿ ಕೂಡಿಸಿಟ್ಟಿದ್ದಾರೆ. ಲೊಂಬಾರ್ಡಿಯ ಆಟಗಾರರು ತುಳಿದು ಓಡಿದ ನೆಲವದು. ಹಿರಿಯರು ಆ ತುಂಡನ್ನು ದಾಟುವಾಗ ಒಂದು ಹೆಜ್ಜೆ ನಿಧಾನಿಸಿದರು. ಹೊಸ್ತಿಲು ದಾಟುವಾಗ ನನ್ನ ತಾಯಿ ಹಾಗೆಯೇ ಮಾಡುತ್ತಿದ್ದರು. ಸುರಂಗದ ಬಾಯಲ್ಲಿ ಗಾಳಿ ಮುಖಕ್ಕೆ ಬಡಿದಾಗ ಕಣ್ಣೀರು ರೆಪ್ಪೆಯಲ್ಲೇ ಗಟ್ಟಿಯಾಯಿತು. ಹುಲ್ಲಿನ ಮೇಲೆ ಕಾಲಿಡುವಂತಿಲ್ಲ. ಅಂಚಿನಲ್ಲಿ ನಿಂತು ನೋಡಿದರೆ ನಿವೃತ್ತಿಗೊಂಡ ಆರು ಸಂಖ್ಯೆಗಳು ಮೇಲೆ ಕಾಣುತ್ತಿದ್ದವು: ಟೋನಿ ಕೆನಡಿಯೋ 3, ಫಾರ್ವ್ 4, ಹಟ್ಸನ್ 14, ಸ್ಟಾರ್ 15, ನಿಚ್ಕೆ 66, ವೈಟ್ 92. ಮಗ ತನ್ನ ಇಬ್ಬರನ್ನೂ ನಾನು ನನ್ನ ನಾಲ್ವರನ್ನೂ ಎಣಿಸಿಕೊಂಡೆವು. ಕ್ರೇಮರ್ ತೊಟ್ಟ 64 ಎಲ್ಲೂ ಇರಲಿಲ್ಲ.

ಹಿರಿಯರು ದಕ್ಷಿಣ ತುದಿಯ ಗೆರೆಯನ್ನು ತೋರಿಸಿದರು. 1967ರ ಡಿಸೆಂಬರ್ 31ರಂದು ಅವರಿಗೆ ಹತ್ತು ವರ್ಷ. ಕೌಬಾಯ್ಸ್ ವಿರುದ್ಧದ ಆ ಚಾಂಪಿಯನ್‌ಷಿಪ್ ಪಂದ್ಯಕ್ಕೆ ಅವರ ತಂದೆ ಹೋಗಿದ್ದರು. ಅವರು ಮನೆಯಲ್ಲಿ ರೇಡಿಯೋ ಮುಂದೆ ಕೂತಿದ್ದರು. ಅಂದು ಅಂಗಳದಲ್ಲಿದ್ದವರು 50,861 ಜನ. ಇದ್ದೆವೆಂದು ಇಂದು ಹೇಳಿಕೊಳ್ಳುವವರನ್ನೆಲ್ಲ ಸೇರಿಸಿದರೆ ಇನ್ನೂ ಮೂರು ಕ್ರೀಡಾಂಗಣ ಬೇಕಾದೀತು ಎಂದು ನಕ್ಕರು. ತಾವು ಹೋಗಿರಲಿಲ್ಲವೆಂದು ಒಪ್ಪಿಕೊಂಡ ಮೊದಲ ಗ್ರೀನ್ ಬೇ ಅಭಿಮಾನಿಯನ್ನು ಅಂದು ನಾನು ಕಂಡೆ. ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನ ಚಳಿ, ಹುಲ್ಲಿನಡಿ ಹೂತಿದ್ದ ಬಿಸಿ ಮಾಡುವ ವ್ಯವಸ್ಥೆ ಕೈಕೊಟ್ಟು ನೆಲ ಕಲ್ಲಾಗಿತ್ತು, ಅಂಪೈರುಗಳ ಸೀಟಿಗಳು ಹೆಪ್ಪುಗಟ್ಟಿ ಬಾಯಿಮಾತಿನಲ್ಲೇ ಆಟ ನಡೆಸಬೇಕಾಯಿತು. ಐದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ 14-17ರ ಹಿನ್ನಡೆಯಲ್ಲಿದ್ದ ಪ್ಯಾಕರ್ಸ್ 68 ಗಜ ತೆವಳಿ ಈ ತುದಿಗೆ ಬಂದರು. ಹದಿನಾರು ಸೆಕೆಂಡು ಬಾಕಿ, ಗೆರೆಗೆ ಎರಡು ಅಡಿ. ಮೂರು ಅಂಕದ ಫೀಲ್ಡ್ ಗೋಲ್ ಒದ್ದು ಸಮ ಮಾಡಿಕೊಳ್ಳಬಹುದಿತ್ತು. ಸಾಮಾನ್ಯವಾಗಿ ಚೆಂಡನ್ನು ಎಸೆಯುವ ಇಲ್ಲವೇ ಇತರರ ಕೈಗೆ ಕೊಡುವ ಸ್ಟಾರ್, ಚೆಂಡು ಹಿಡಿದು ತಾನೇ ನುಗ್ಗುತ್ತೇನೆಂದು ಲೊಂಬಾರ್ಡಿಗೆ ಹೇಳಿ ಮರಳಿದ. ಜಾರುವ ನೆಲದಲ್ಲಿ ಬೇರೆಯವನ ಕೈಗೆ ಚೆಂಡು ಕೊಡುವುದೇ ಅಪಾಯವೆಂದು ಅವನ ಲೆಕ್ಕ. ಚೆಂಡು ಹಿಡಿದು ಓಡುವ ಫುಲ್‌ಬ್ಯಾಕ್ ಚಕ್ ಮರ್ಸೀನ್ ಚೆಂಡು ತನಗೇ ಬರುವುದೆಂದು ಓಡಿ ಬಂದ. ಪ್ರಸಿದ್ಧ ಚಿತ್ರದಲ್ಲಿ ಅವನ ಕೈಗಳು ಮೇಲಿರುವುದು ಸಂಭ್ರಮಕ್ಕಲ್ಲ, ತಾನು ಸ್ಟಾರ್‌ನನ್ನು ಹಿಂದಿನಿಂದ ತಳ್ಳಲಿಲ್ಲವೆಂದು ಅಂಪೈರಿಗೆ ತೋರಿಸಲು. ಸ್ಟಾರ್ ಬಿದ್ದ ಜಾಗದಲ್ಲಿ ಕೌಬಾಯ್ಸ್‌ನ ದೈತ್ಯ ಜೆಥ್ರೋ ಪ್ಯೂ ನಿಂತಿರಬೇಕಿತ್ತು. ಅವನನ್ನು ಅಲ್ಲಿಂದ ಎಬ್ಬಿಸಿದವನು 64ನೆಯ ಸಂಖ್ಯೆಯ ಕ್ರೇಮರ್. ಫಲಿತಾಂಶ 21-17.

ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1956ರ ಆಯ್ಕೆಯಲ್ಲಿ ಹದಿನೇಳನೆಯ ಸುತ್ತಿನವರೆಗೆ, 199 ಹೆಸರುಗಳವರೆಗೆ, ಯಾರೂ ಕರೆಯದ ಸ್ಟಾರ್ ಆ ಎರಡು ಅಡಿಯಿಂದ ದೇವರಾದ. ಏಳು ವರ್ಷದಲ್ಲಿ ಐದು ಚಾಂಪಿಯನ್‌ಷಿಪ್, ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಮೊದಲೆರಡರಲ್ಲೂ ಅತ್ಯುತ್ತಮ ಆಟಗಾರ. ಆಮೇಲೆ ಒಂಬತ್ತು ವರ್ಷ ತರಬೇತುದಾರನಾಗಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದರೂ ಊರು ಅವನನ್ನು ಬಿಟ್ಟುಕೊಡಲಿಲ್ಲ. ಕ್ರೇಮರ್ ಕಥೆ ಬೇರೆ.

ಮೇಲಿನ ಮಹಡಿಯಲ್ಲಿರುವ ತಂಡದ ಸಂಗ್ರಹಾಲಯದಲ್ಲಿ ಲೊಂಬಾರ್ಡಿಯ ಕಚೇರಿಯನ್ನು ಮರುನಿರ್ಮಿಸಿದ್ದಾರೆ, ನಾಲ್ಕು ಸೂಪರ್ ಬೌಲ್ ಟ್ರೋಫಿಗಳಿವೆ. ಮಗ ಅವುಗಳ ಮುಂದೆ ಚಿತ್ರ ತೆಗೆಸಿಕೊಳ್ಳುವಾಗ ಹಿರಿಯರು ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಪ್ಯಾಕರ್ಸ್ ಸ್ವೀಪ್ ಎಂಬ ಆ ಕಾಲದ ಹೆಸರಾಂತ ಆಟವನ್ನು ತಮ್ಮ ಕೈಗವಸು, ಟೋಪಿ, ಕಾಫಿ ಲೋಟಗಳನ್ನಿಟ್ಟು ವಿವರಿಸಿದರು. ಗಾರ್ಡುಗಳಾದ ಕ್ರೇಮರ್ ಮತ್ತು ಫಝಿ ಥರ್ಸ್ಟನ್ ತಮ್ಮ ಜಾಗ ಬಿಟ್ಟು ಪಕ್ಕಕ್ಕೆ ಓಡಿ ಗೋಡೆಯಾಗುತ್ತಾರೆ. ಪಾಲ್ ಹಾರ್ನಂಗ್ ಇಲ್ಲವೇ ಜಿಮ್ ಟೇಲರ್ ಚೆಂಡು ಹಿಡಿದು ಆ ಗೋಡೆಯ ಹಿಂದೆ, ಅದು ತೆರೆದ ಸಂದಿಯನ್ನು ನೋಡಿಕೊಂಡು ನುಗ್ಗುತ್ತಾರೆ. 1960ರಲ್ಲಿ ಹಾರ್ನಂಗ್ ಹನ್ನೆರಡು ಪಂದ್ಯಗಳಲ್ಲಿ 176 ಅಂಕ ಗಳಿಸಿದ್ದು ದಾಖಲೆಯಲ್ಲಿದೆ. ಗೋಡೆಗೆ ಅಂಕವಿಲ್ಲ. ಹದಿಹರೆಯದಲ್ಲಿ ಕರುವೊಂದನ್ನು ಅಟ್ಟಿಸಿಕೊಂಡು ಹೋಗಿ ಹಲಗೆಯ ಚೂರು ಹೊಕ್ಕ ಮೈಯಲ್ಲೇ ಕ್ರೇಮರ್ ಆಡಿದ. ಉಳಿದುಹೋದ ಮರದ ತುಣುಕುಗಳನ್ನು ವರ್ಷಗಳ ನಂತರ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅವನಿಗೂ ಅಂಕ ಸಿಕ್ಕ ದಿನಗಳಿದ್ದವು: 1962ರ ಚಾಂಪಿಯನ್‌ಷಿಪ್‌ನಲ್ಲಿ, ಯಾಂಕೀ ಸ್ಟೇಡಿಯಮ್ಮಿನ ಗಾಳಿಯಲ್ಲಿ ಮೂರು ಫೀಲ್ಡ್ ಗೋಲ್ ಮತ್ತು ಒಂದು ಹೆಚ್ಚುವರಿ ಅಂಕ ಒದ್ದು 16-7ರ ಗೆಲುವಿಗೆ ಹತ್ತು ಅಂಕ ತಂದ. 1969ರಲ್ಲಿ ಲೀಗಿನ ಮೊದಲ ಐವತ್ತು ವರ್ಷದ ತಂಡಕ್ಕೆ ಅವನನ್ನು ಆರಿಸಿದರು. ಆಟದ ಶ್ರೇಷ್ಠರನ್ನು ಗೌರವಿಸುವ, ಓಹಿಯೋದ ಕ್ಯಾಂಟನ್ನಿನಲ್ಲಿರುವ ಹಾಲ್ ಆಫ್ ಫೇಮ್ ಮಾತ್ರ ಅವನನ್ನು ಮತ್ತೆ ಮತ್ತೆ ಬಾಗಿಲಲ್ಲೇ ನಿಲ್ಲಿಸಿ, ಕೊನೆಗೆ 2018ರಲ್ಲಿ, ಅವನ ಎಂಬತ್ತೆರಡನೆಯ ವಯಸ್ಸಿನಲ್ಲಿ ಒಳಗೆ ಬಿಟ್ಟುಕೊಂಡಿತು. ಥರ್ಸ್ಟನ್ ಇಂದಿಗೂ ಹೊರಗೇ.

ಆಗ ನನಗೆ ದೆಹಲಿ ನೆನಪಾಯಿತು. 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಇನ್ನಿಂಗ್ಸ್‌ನ ಹತ್ತೂ ವಿಕೆಟ್ ಪಡೆದಾಗ, ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದ ಜಾವಗಲ್ ಶ್ರೀನಾಥ್, ಹತ್ತನೆಯದು ತನ್ನ ಪಾಲಿಗೆ ಬಾರದಂತೆ ಚೆಂಡುಗಳನ್ನು ಆಫ್ ಸ್ಟಂಪಿನಾಚೆಗೆ ದೂರ ದೂರ ಹಾಕಿದ್ದರು. 74ಕ್ಕೆ 10 ಎಂಬುದು ನನಗೆ ಬಾಯಿಪಾಠ. ಶ್ರೀನಾಥರ ಆ ಓವರಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಎಂದಾದರೂ ಬರೆದುಕೊಂಡಿದ್ದೆನೇ? ಕ್ರಿಕೆಟ್ಟಿನಲ್ಲಿ ಅಂಥದ್ದು ಎಂದೋ ಒಮ್ಮೆ ನಡೆಯುತ್ತದೆ, ಅದಕ್ಕೇ ಕಥೆಯಾಗಿ ಉಳಿಯುತ್ತದೆ. ಇಲ್ಲಿ ತಂಡದ ಅರ್ಧ ಜನರ ಬದುಕೇ ಹಾಗೆ. ಹಿರಿಯರಿಗೆ ಇದನ್ನು ಹೇಳಿದೆ. ಅವರಿಗೆ ಕ್ರಿಕೆಟ್ ಅರ್ಥವಾಗದು. ಆದರೂ ಶ್ರೀನಾಥ್ ಎಂಬ ಹೆಸರನ್ನು ಎರಡು ಬಾರಿ ಉಚ್ಚರಿಸಿ ನೋಡಿದರು.

ಮರಳುವ ದಾರಿಯಲ್ಲಿ ರಸೀದಿಯನ್ನು ಮತ್ತೆ ತೆಗೆದೆವು. ನಾನು ಫಾರ್ವ್ ಹೆಸರಿಗೆ ಅಡ್ಡಗೆರೆ ಎಳೆಸಿ ಅಲ್ಲಿ ಕ್ರೇಮರ್ ಎಂದು ಬರೆಸಿದೆ. ಮನಸ್ಸು ನೊಂದಿತು, ತಂದೆ ತೀರಿಕೊಂಡ ಮರುದಿನವೇ, 2003ರ ಡಿಸೆಂಬರಿನಲ್ಲಿ ಓಕ್ಲೆಂಡಿನಲ್ಲಿ 399 ಗಜ ಎಸೆದು ನಾಲ್ಕು ಟಚ್‌ಡೌನ್ ತಂದ ಆಟಗಾರನನ್ನು ತೆಗೆಯುವುದು ಸುಲಭವಲ್ಲ. ಹಟ್ಸನ್‌ನನ್ನು ಮಾತ್ರ ನಾನು ಕದಲಿಸಲಿಲ್ಲ, ಅವನು ದಾಳಿಯಲ್ಲೂ ರಕ್ಷಣೆಯಲ್ಲೂ ಆಡಿದವನೆಂದು ಹಿರಿಯರನ್ನೇ ಒಪ್ಪಿಸಲು ನೋಡಿದೆ. ಅವರು ಯುದ್ಧಕಾಲದ ಎದುರಾಳಿಗಳು ದುರ್ಬಲರಾಗಿದ್ದರೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಫೋನಿನಲ್ಲಿ ಆ 1967ರ ತುಣುಕನ್ನು ಹುಡುಕಿ ಹಿಂದೆ ಮುಂದೆ ಓಡಿಸುತ್ತಿದ್ದ ಮಗ, ಪ್ಯೂನನ್ನು ಕ್ರೇಮರ್ ಒಬ್ಬನೇ ತಳ್ಳಲಿಲ್ಲ, ಎಡಗಡೆಯಿಂದ 57ನೆಯ ಸಂಖ್ಯೆಯವನೂ ತಳ್ಳುತ್ತಿದ್ದಾನಲ್ಲ ಎಂದ. ಅವನು ಸ್ಟಾರ್‌ನ ಕೈಗೆ ಚೆಂಡು ಕೊಟ್ಟು ಆಟ ಶುರುಮಾಡುವ ಸೆಂಟರ್ ಕೆನ್ ಬೋಮನ್. ಟಿವಿಯವರು ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದಾಗ ಕಣ್ಣಿಗೆ ಬಿದ್ದವನು ಕ್ರೇಮರ್. ಬೋಮನ್ ಹೆಸರು ಅಡಿಟಿಪ್ಪಣಿಯಾಯಿತು. ಗೋಡೆಗೆ ಅಂಕವಿಲ್ಲವೆಂದು ನೀವೇ ಹೇಳಿದಿರಿ, ಹಾಗಾದರೆ ಇವನೇಕೆ ನಿಮ್ಮ ಪಟ್ಟಿಯಲ್ಲಿಲ್ಲ ಎಂದು ಮಗ ಕೇಳಿದ. ಮ್ಯಾನಿಟೋವಾಕ್ ದಾಟುವವರೆಗೆ ಹಿರಿಯರು ಮಾತಾಡಲಿಲ್ಲ. ಆಮೇಲೆ ಪೆನ್ನು ಕೇಳಿ ಪಡೆದು, ಕೈಗವಸು ಕಳಚಿ, ತಮ್ಮ ಕಲಮಿನಲ್ಲಿ 64ರ ಪಕ್ಕ ಸಣ್ಣದಾಗಿ 57 ಎಂದು ಬರೆದರು. ಅದು ಆರಾಯಿತು, ಐವರೆಂಬುದು ನಿಯಮ ಎಂದು ಮಗ ತಕರಾರು ತೆಗೆದ. ಅವರು ರಸೀದಿಯನ್ನು ಮಡಚಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡು, ಹೀಟರನ್ನು ಸ್ವಲ್ಪ ಹೆಚ್ಚಿಸಲು ನನಗೆ ಹೇಳಿದರು.