ಮದ್ದು ಸೊಪ್ಪಿನ ಮರುದಿನ

ಚಿಕಿತ್ಸೆ ಮುಗಿದರೆ ಭಯವೂ ಮುಗಿಯುತ್ತದೆ ಎಂದುಕೊಳ್ಳುವವರು ಕ್ಯಾನ್ಸರ್ ವಾರ್ಡಿನಲ್ಲಿ ಮಲಗಿ ಎದ್ದವರಲ್ಲ. ನನ್ನದು ಸ್ತನ ಕ್ಯಾನ್ಸರ್. ಕಿಮೊ ನಡೆಯುತ್ತಿದ್ದಾಗ ಮೂರು ವಾರಕ್ಕೊಮ್ಮೆ ಕೈಗೆ ಸೂಜಿ ಚುಚ್ಚುತ್ತಿದ್ದರು. ಆಮೇಲೆ ವಾರಕ್ಕೆ ಐದು ದಿನ ಕರೆಂಟ್ ಕೊಟ್ಟರು. ರೇಡಿಯೇಶನ್ನಿಗೆ ಜನ ಹೇಳುವುದು ಹಾಗೆಯೇ. ವಾಂತಿ, ಸುಸ್ತು, ಬೋಳುತಲೆ ಏನೇ ಇದ್ದರೂ ಯಾರೋ ಆ ರೋಗದ ಬೆನ್ನು ಹತ್ತಿದ್ದಾರೆ ಎಂಬ ಧೈರ್ಯವಿತ್ತು. ಅದೆಲ್ಲ ನಿಂತ ಮೇಲೆ ನನಗೆ ಉಳಿದದ್ದು ರೋಗ ಮರುಕಳಿಸದಿರಲೆಂದು ಕೊಡುವ ದಿನಕ್ಕೊಂದು ಟ್ಯಾಮೋಕ್ಸಿಫೆನ್ ಮಾತ್ರೆ ಮತ್ತು ಮುಂದಿನ ಚೆಕಪ್ಪಿನ ತಾರೀಕು. ಮೊದಲು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಈಗ ಆರು ತಿಂಗಳಿಗೊಮ್ಮೆ.

ಹೋದ ಮಳೆಗಾಲದಲ್ಲಿ ಆ ತಾರೀಕು ಆಗಸ್ಟ್ 4ಕ್ಕೆ ಬಿದ್ದಿತು. ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅದರ ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕಕ್ಕಡವೆಂಬ ನಮ್ಮ ಮಳೆ ತಿಂಗಳ ಹದಿನೆಂಟನೆಯ ದಿನ. ಮದ್ದು ಸೊಪ್ಪು ಎಂಬ ಕಾಡುಗಿಡದ ಸೊಪ್ಪಿನಲ್ಲಿ ಆ ದಿನ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಕಾಯಿಲೆ ಬಿದ್ದ ವರ್ಷ ಕಿಮೊ ನಡೆದಿದ್ದರಿಂದ ನಾನು ಅದನ್ನು ಮುಟ್ಟಿರಲಿಲ್ಲ. ಈ ಸಲ ಅತ್ತೆ ಬಟ್ಟಲು ತುಂಬ ಬಡಿಸಿ, ಮೇಲೆ ತುಪ್ಪ ಮತ್ತು ಜೇನು ಹಾಕಿದರು. "ಡಾಕ್ಟರ ಮದ್ದು ಅಷ್ಟು ತಿಂದಿದ್ದೀಯ, ನಮ್ಮ ಮದ್ದೂ ಒಂದಿಷ್ಟು ಹೊಟ್ಟೆಗೆ ಹೋಗಲಿ" ಎಂದರು. ರುಚಿಯಾಗಿತ್ತು, ಎರಡನೆಯ ಸಲವೂ ಹಾಕಿಸಿಕೊಂಡೆ.

ರೈಲಿಲ್ಲದ ಜಿಲ್ಲೆ ನಮ್ಮದು. ದೊಡ್ಡ ಆಸ್ಪತ್ರೆ ಎಂದರೆ ಮೈಸೂರು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರು. ವಿರಾಜಪೇಟೆಯಿಂದ ಮೊದಲ ಬಸ್ಸು ಹತ್ತಿದರೆ ಗೋಣಿಕೊಪ್ಪ, ತಿತಿಮತಿ ದಾಟಿ ಆನೆಚೌಕೂರಿನ ಕಾಡಿನೊಳಗೆ ಸಾಗಿ ಹುಣಸೂರು ಮುಟ್ಟುವ ಹೊತ್ತಿಗೆ ಸರಿಯಾಗಿ ಬೆಳಕಾಗಿರುತ್ತದೆ. ಮತ್ತಿಗೋಡಿನ ಶಿಬಿರದ ಬಳಿ ಆನೆ ಕಂಡರೆ ಚೆಕಪ್ ಒಳ್ಳೆಯದಾಗುತ್ತದೆ ಎಂದು ನಾನೇ ಒಂದು ಶಕುನ ಮಾಡಿಕೊಂಡಿದ್ದೇನೆ. ಇವರು ನಗುತ್ತಾರೆ, ಆದರೆ ಕಿಟಕಿಯ ಪಕ್ಕದ ಸೀಟನ್ನು ಬಿಟ್ಟುಕೊಡುತ್ತಾರೆ. ಅಂದು ಮಂಜು ಮುಸುಕಿ ಆನೆ ಬಿಡಿ, ರಸ್ತೆಯೇ ಕಾಣಲಿಲ್ಲ.

ಹುಣಸೂರು ಬಸ್ ನಿಲ್ದಾಣದ ಶೌಚಾಲಯದಲ್ಲಿ ಮೂತ್ರ ಕೆಂಪಗೆ ಹೋಯಿತು.

ಮದ್ದು ಸೊಪ್ಪು ತಿಂದ ಮರುದಿನ ಹಾಗಾಗುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಚಿಕ್ಕವರಿದ್ದಾಗ ಯಾರದು ಹೆಚ್ಚು ಕೆಂಪು ಎಂದು ಪಂದ್ಯ ಕಟ್ಟಿದವರು ನಾವು. ಹಾಗಿದ್ದರೂ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಪಾಯಸವಲ್ಲ. ಕಿಮೊದ ಕೆಂಪು ಔಷಧಿ, ಡಾಕ್ಸೊರುಬಿಸಿನ್, ಮೈಗೆ ಹೋದಾಗಲೂ ಮೂತ್ರ ಹೀಗೆಯೇ ಇರುತ್ತಿತ್ತು. ಗಾಬರಿಯಾಗಬೇಡಿ ಎಂದು ನರ್ಸ್ ಮೊದಲೇ ಹೇಳಿದ್ದರು. ಅದರ ಬೆನ್ನಿಗೇ ಇನ್ನೊಂದು ಎಚ್ಚರಿಕೆಯೂ ತಲೆಗೆ ಬಂತು. ಟ್ಯಾಮೋಕ್ಸಿಫೆನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡಬಲ್ಲದು, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಬರಬೇಕು. ಬಟ್ಟೆಯನ್ನು ಎರಡೆರಡು ಸಲ ನೋಡಿಕೊಂಡೆ. ಕಲೆ ಇರಲಿಲ್ಲ. ಬಸ್ಸಿಗೆ ಬಂದು ಇವರಿಗೆ ಹೇಳಿದರೆ, "ನನ್ನದೂ ಕೆಂಪೇ" ಎಂದು ಕಡಲೆಕಾಯಿ ಪೊಟ್ಟಣ ಚಾಚಿದರು.

ಆಸ್ಪತ್ರೆಯ ಸಾಲಿನ ಬಗ್ಗೆ ಬರೆಯುವುದೇನೂ ಇಲ್ಲ. ಎಲ್ಲ ಕಡೆ ಇರುವಂಥದ್ದೇ.

ನಮ್ಮ ಡಾಕ್ಟರಮ್ಮ ಮೊದಲು ಕೇಳುವುದು ಮಾತು, ಆಮೇಲೆ ಮುಟ್ಟಿ ನೋಡುವುದು. ಎಲ್ಲಾದರೂ ಬಿಡದೆ ಕಾಡುವ ಮೂಳೆನೋವು, ಕೆಮ್ಮು, ಏದುಸಿರು, ಹೊಸ ತಲೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಗಾಯದ ಗೆರೆಯ ಸುತ್ತ ಗಂಟು: ಇವೆಲ್ಲ ಅವರ ಪ್ರಶ್ನೆಗಳು. ತೊಂದರೆ ಏನೆಂದರೆ ನಮ್ಮೂರಲ್ಲಿ ಜುಲೈ ತಿಂಗಳಲ್ಲಿ ಕೆಮ್ಮದವರು ಯಾರೂ ಇಲ್ಲ. ಸೊಂಟ ನೋಯುತ್ತದೆ ಎಂದರೆ ಕಾಫಿ ತೋಟದಲ್ಲಿ ಬಗ್ಗಿ ಕೆಲಸ ಮಾಡಿದ್ದೀರಿ ಎಂದಷ್ಟೇ ಅರ್ಥ. ಯಾವ ಕೆಮ್ಮು ಮಳೆಯದು, ಯಾವುದು ಹೇಳಬೇಕಾದದ್ದು? ಎರಡು ಮೂರು ವಾರ ಕಳೆದರೂ ಬಿಡದ್ದು, ದಿನದಿಂದ ದಿನಕ್ಕೆ ಏರುವುದು, ಮಲಗಿದರೂ ಹೋಗದ ನೋವು, ಅದನ್ನು ಹೇಳಿ ಎಂದು ಅವರು ಮೊದಲೇ ಸೂಚಿಸಿದ್ದರು. ಅದಕ್ಕಾಗಿ ನಾನು ಮಳೆ ಲೆಕ್ಕದ ಪುಸ್ತಕವನ್ನೇ ಹಿಡಿದೆ. ತೋಟದವರ ಮನೆಗಳಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರಲ್ಲ, ಅದರ ಅಂಚಿನಲ್ಲಿ ನನ್ನ ಮೈಯ ಲೆಕ್ಕ. "ಎರಡು ಇಂಚು ಇಪ್ಪತ್ತು ಸೆಂಟ್, ಕೆಮ್ಮು" ಎಂದು ಡಾಕ್ಟರ್ ಗಟ್ಟಿಯಾಗಿ ಓದಿದರು. ಬಿಸಿಲು ಕಂಡ ವಾರದಲ್ಲಿ ಕೆಮ್ಮು ನಿಂತದ್ದನ್ನೂ ಅವರೇ ಪುಟ ತಿರುವಿ ಹುಡುಕಿದರು.

ಕೆಂಪು ಮೂತ್ರದ ಕಥೆ ಹೇಳಿದೆ. ಅವರು ಮಲೆನಾಡಿನವರಲ್ಲ, ಮದ್ದು ಸೊಪ್ಪಿನ ಹೆಸರನ್ನೇ ಕೇಳಿರಲಿಲ್ಲ. ನಕ್ಕು ಬಿಟ್ಟುಬಿಡಲೂ ಇಲ್ಲ. ಮುಟ್ಟು ನಿಂತ ಮೇಲೆ ಒಳಗಿನಿಂದ ರಕ್ತ ಹೋದದ್ದುಂಟೇ ಎಂದು ಬಿಡಿಸಿ ಕೇಳಿ, ಇಲ್ಲ ಎಂದ ಮೇಲೂ ಮೂತ್ರ ಪರೀಕ್ಷೆಗೆ ಬರೆದರು. ರಕ್ತದ ಕಣ ಇರಲಿಲ್ಲ. "ವರ್ಷಕ್ಕೊಂದು ದಿನ ಪಾಯಸ ತಿನ್ನಿ. ಅದನ್ನೇ ಕಷಾಯ, ಮಾತ್ರೆ, ಪುಡಿ ಎಂದು ದಿನಾ ತೆಗೆದುಕೊಳ್ಳುವುದಾದರೆ ನನ್ನನ್ನು ಕೇಳದೆ ಬೇಡ" ಎಂದರು. ಕ್ಯಾನ್ಸರಿಗೆ ಇದೇ ರಾಮಬಾಣ ಎಂದು ಮೊಬೈಲಿಗೆ ಸಂದೇಶ ಕಳಿಸುವ ನೆಂಟರಿಗೆ ಈ ಮಾತನ್ನು ಹಾಗೆಯೇ ದಾಟಿಸಿದ್ದೇನೆ.

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗನದು ಬೇರೆಯೇ ರಗಳೆ. ಪ್ರತಿ ಚೆಕಪ್ಪಿಗೆ ಮುಂಚೆ ಫೋನ್ ಮಾಡುತ್ತಾನೆ: "ಅಕ್ಕಾ, ಬರೀ ಕೈಯಲ್ಲಿ ಒತ್ತಿ ನೋಡಿದರೆ ಏನು ಗೊತ್ತಾಗುತ್ತದೆ? ಇಡೀ ಮೈಗೆ ಪೆಟ್ ಸ್ಕ್ಯಾನ್ ಮಾಡಿಸು, ದುಡ್ಡು ನಾನು ಕೊಡುತ್ತೇನೆ." ಅವನ ಪ್ರೀತಿ ದೊಡ್ಡದು, ನನಗೂ ಅದೇ ಸರಿ ಎನಿಸಿತ್ತು. ಅಂದು ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ಇಟಲಿಯ ಎರಡು ಅಧ್ಯಯನಗಳ ವಿಷಯ ಹೇಳಿದರು. ಫಲಿತಾಂಶ ಪ್ರಕಟವಾದದ್ದು 1994ರಲ್ಲಿ. ಒಂದೊಂದರಲ್ಲೂ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಕೆಲವರಿಗೆ ಆಗಾಗ ಎದೆಯ ಎಕ್ಸ್‌ರೇ, ಮೂಳೆ ಸ್ಕ್ಯಾನ್‌ನಂಥ ಪರೀಕ್ಷೆಗಳನ್ನು ಮಾಡಿಸಿದರು; ಉಳಿದವರಿಗೆ ಕೈಯಲ್ಲಿ ನೋಡುವುದು ಮತ್ತು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಮಾತ್ರ. ಹೆಚ್ಚು ಪರೀಕ್ಷೆ ಮಾಡಿಸಿಕೊಂಡವರು ಹೆಚ್ಚು ದಿನ ಬದುಕಲಿಲ್ಲ. ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುತ್ತದೆ, ಆದರೆ ಹಳೆಯ ಸೋಂಕು, ಬಾವು ಕೂಡ ಹೊಳೆಯಬಹುದು, ಆಮೇಲೆ ಅದೇನೆಂದು ತಿಳಿಯಲು ಸೂಜಿ ಹಾಕಬೇಕಾಗುತ್ತದೆ. ಅದೇ ಗಾಯದ ಜಾಗದಲ್ಲಿ ಮತ್ತೆ ಬಂದದ್ದು, ಇಲ್ಲವೇ ಇನ್ನೊಂದು ಸ್ತನದಲ್ಲಿ ಹೊಸದಾಗಿ ಹುಟ್ಟಿದ್ದು ಬೇಗ ಸಿಕ್ಕರೆ ಗುಣಪಡಿಸುವ ಅವಕಾಶ ಹೆಚ್ಚು. ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಅದಕ್ಕೆ. ಲಕ್ಷಣ ಕಂಡರೆ ಮಾತ್ರ ಸ್ಕ್ಯಾನಿಗೆ ತಡಮಾಡುವುದಿಲ್ಲ ಎಂದರು. ಮಳೆ ಪುಸ್ತಕದ ಅಂಚಿಗೆ ಅಷ್ಟು ಬೆಲೆ ಇದೆಯೆಂದು ನನಗೆ ಅರ್ಥವಾದದ್ದು ಆಗ. ತಮ್ಮನಿಗೆ ಇನ್ನೂ ಸಮಾಧಾನವಿಲ್ಲ, ಇರಲಿ.

ನಾನು ನಿಜವಾಗಿ ಸೋತದ್ದು ಕೈಯ ವಿಷಯದಲ್ಲಿ. ಕಂಕುಳಿನ ಗ್ರಂಥಿಗಳನ್ನು ತೆಗೆದ ಎಡಗೈಯಲ್ಲಿ ದುಗ್ಧರಸ ಸರಿಯಾಗಿ ಹರಿಯದೆ ಊತ ಬರಬಹುದು, ಗೀರು, ಕಡಿತ, ಸೋಂಕು ಆಗದಂತೆ ನೋಡಿಕೊಳ್ಳಿ ಎಂದು ಬರೆದ ಹಾಳೆ ಕೊಟ್ಟಿದ್ದಾರೆ. ಆ ಹಾಳೆ ಬರೆದವರು ಕೊಡಗಿನ ಮಳೆಗಾಲ ಕಂಡವರಲ್ಲ. ಕಳೆ ಕೀಳಲು ಕೈ ಹಾಕಿದರೆ ಜಿಗಣೆ. ಅದು ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಆಮೇಲೆ ವಾರಗಟ್ಟಲೆ ತುರಿಕೆ. ರೊಬಸ್ಟಾ ಕೊಯ್ಲಿನಲ್ಲಿ ಕೆಂಜಿಗ, ಮೆಣಸಿನ ಏಣಿ ಹತ್ತಿದರೆ ಮರದ ತರಚು. ರಬ್ಬರ್ ಗವಸು ಹಾಕಿದರೆ ಒಳಗೆ ಬೆವತು ಚರ್ಮ ಬಿಳಿಚಿಕೊಳ್ಳುತ್ತದೆ. ಫಿಸಿಯೊಥೆರಪಿಯ ಹುಡುಗಿ ಟೇಪು ಹಿಡಿದು ಎರಡೂ ಕೈಗಳನ್ನು ಗೆಣ್ಣಿನಿಂದ ಮೇಲಕ್ಕೆ ಅಳೆದಳು. ಎರಡು ಸೆಂಟಿಮೀಟರ್ ವ್ಯತ್ಯಾಸವಿತ್ತು. "ತೋಟದ ಕೆಲಸ ಬಿಡಬೇಕಾ?" ಎಂದು ಕೇಳಿದೆ. "ಬಿಡಬೇಡಿ ಆಂಟಿ, ಕೈ ಆಡುತ್ತಿರಲಿ. ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಮಾತ್ರ ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ, ಮೈಸೂರಿಗೆ ಬರುವವರೆಗೆ ಕಾಯಬೇಡಿ" ಎಂದಳು.

ಕೈಗೆ ಹಾಕಿಕೊಳ್ಳುವ ಬಿಗಿ ತೋಳುಚೀಲ ಕೊಟ್ಟರು. ದಿನಾ ಒಗೆದು ನೆರಳಿನಲ್ಲಿ ಒಣಗಿಸಬೇಕಂತೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಇರುವುದೆಲ್ಲ ನೆರಳೇ, ಒಣಗುವುದೊಂದನ್ನು ಬಿಟ್ಟು. ಬಟ್ಟೆಗಳೆಲ್ಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗುವ ಮನೆ ನಮ್ಮದು, ಬಿಸಿ ತಾಗಿದರೆ ತೋಳುಚೀಲದ ಬಿಗಿ ಹೋಗುತ್ತದೆ. ಹಾಗಾಗಿ ಎರಡು ಕೊಂಡೆವು. ಒಂದು ಕೈಯಲ್ಲಿದ್ದರೆ ಇನ್ನೊಂದು ಮಲಗುವ ಕೋಣೆಯ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ. ಕರೆಂಟ್ ಹೋದ ದಿನ ಅತ್ತೆಯೇ ಬೀಸಣಿಗೆ ಹಿಡಿದು ಅದರ ಪಕ್ಕ ಕೂರುತ್ತಾರೆ.

ಮುಂದಿನ ತಾರೀಕು ಫೆಬ್ರವರಿ ಎಂದರು. ರೊಬಸ್ಟಾ ಕೊಯ್ಲಿನ ನಡುವೆ ಆಳು ಸಿಗದ ಕಾಲ, ಮಾರ್ಚ್ ಆಗಬಹುದೇ ಎಂದು ಇವರು ಚೌಕಾಸಿಗೆ ಇಳಿದರು. ಮ್ಯಾಮೊಗ್ರಾಮಿಗೂ ಅದೇ ತಿಂಗಳು ವರ್ಷ ತುಂಬುತ್ತದೆ, ಮುಂದೂಡುವುದು ಬೇಡ ಎಂದು ಡಾಕ್ಟರ್ ಒಪ್ಪಲಿಲ್ಲ. ಕೊನೆಗೆ ಸಂತೆಯ ದಿನ ಹೇಗೂ ಕೆಲಸ ಅರ್ಧ ಎಂದು ಲೆಕ್ಕ ಹಾಕಿ, ಫೆಬ್ರವರಿಯಲ್ಲೇ ಒಂದು ಸಂತೆ ದಿನಕ್ಕೆ ತಾರೀಕು ಬರೆಸಿಕೊಂಡು ಬಂದೆವು.