ರಕ್ಕಸಗಿ ಬಯಲಿಗೆ ಆರು ತೋಪು, ಇಪ್ಪತ್ತು ಬಿಲ್ಲಾಳು

ಏಪ್ರಿಲ್ ತಿಂಗಳ ವಿಜಯಪುರದಲ್ಲಿ, ಮೇಜಿನ ಮೇಲೆ ಕಾಳಗ ಆಡುವ ಸಣ್ಣ ಸೈನಿಕ ಬೊಂಬೆಗಳಿಗೆ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಬಣ್ಣ) ಹೊಡೆಯುವುದಿದ್ದರೆ ಬೆಳಗಿನ ಏಳೂವರೆಯೊಳಗೆ ಮುಗಿಸಬೇಕು. ಹತ್ತರ ಮೇಲೆ ಮಾಳಿಗೆಯಲ್ಲಿ ಡಬ್ಬಿ ಒತ್ತಿದರೆ ಹನಿ ಬೊಂಬೆಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ. ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು. ಅದರ ಮೇಲೆ ಎಂಥ ನುರಿತ ಕೈಯಿಂದಲೂ ಮೀಸೆ ಮೂಡುವುದಿಲ್ಲ. ನಾವು ಆಡಹೊರಟದ್ದು ರಕ್ಕಸಗಿ ಬಯಲಿನ ಕಾಳಗ, ಅಂದರೆ ತಾಳಿಕೋಟೆ ಕಾಳಗ. ಆ ಭಾನುವಾರ ಆರೂವರೆಗೇ ಇಪ್ಪತ್ತು ಬಿಲ್ಲಾಳುಗಳು ಮಾಳಿಗೆಯಲ್ಲಿ ಸಾಲಾಗಿ ನಿಂತಿದ್ದವು. ಐಸ್‌ಕ್ರೀಂ ಕಡ್ಡಿಯೊಂದಕ್ಕೆ ನಾಲ್ಕರಂತೆ ಎರಡು ಬದಿಯ ಟೇಪಿನಿಂದ ಅಂಟಿಸಿದ್ದು, ಒಟ್ಟು ಐದು ಕಡ್ಡಿ. ಒಂದು ಗೇಣು ದೂರದಿಂದ ಎಡದಿಂದ ಬಲಕ್ಕೆ ಒಮ್ಮೆ ಎಳೆದು, ಕಾಲು ಗಂಟೆ ಬಿಟ್ಟು ಕಡ್ಡಿ ತಿರುಗಿಸಿ ಇನ್ನೊಮ್ಮೆ. ಒಂದೇ ಸಲಕ್ಕೆ ಮುಚ್ಚಿಬಿಡೋಣ ಎಂದು ಹತ್ತಿರ ಹಿಡಿದರೆ ಬಣ್ಣ ಅಂಗಿಯ ನೆರಿಗೆಗಳಲ್ಲಿ ನಿಂತು ಬೊಂಬೆ ಮೇಣದಲ್ಲಿ ಅದ್ದಿದಂತೆ ಆಗುತ್ತದೆ.

ಬೊಂಬೆಗಳು 1/72 ಅಳತೆಯವು, ಅಂದರೆ ಐದೂವರೆ ಅಡಿ ಆಳು 23 ಮಿ.ಮೀ. ಪೆಟ್ಟಿಗೆಯಲ್ಲಿ ಬರುವ ಇಂಥ ಸೈನಿಕರು ಬಹುಪಾಲು ಮೆದು ಪಾಲಿಥೀನ್‌ನವರು. ಈ ಪ್ಲಾಸ್ಟಿಕ್‌ಗೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಅಚ್ಚಿನಿಂದ ಬಂದ ಎಣ್ಣೆ ಬೇರೆ ಮೈಗೆ ಮೆತ್ತಿರುತ್ತದೆ. ಹಿಂದಿನ ರಾತ್ರಿ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಬಟ್ಟೆಯ ಮೇಲೆ ಹರವಿ ಒಣಗಿಸಿದ್ದಾಯಿತು. ಬಾಗಿದ ಬಿಲ್ಲು, ಸೊಟ್ಟಾದ ಭರ್ಚಿಗಳನ್ನು ಕುದಿಯುವುದಕ್ಕೆ ತುಸು ಮೊದಲಿನ ನೀರಿನಲ್ಲಿ ಅರ್ಧ ನಿಮಿಷ ಹಿಡಿದು, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಅದ್ದಬೇಕು. ತಣ್ಣೀರಿಗೆ ತಡಮಾಡಿದರೆ ಮತ್ತೆ ಮೊದಲಿನಂತೆಯೇ ಬಾಗುತ್ತದೆ. ಮುರಿದದ್ದನ್ನು ಅಂಟಿಸುವ ಗೋಜಿಗೆ ಹೋಗದೆ ಗುಂಡುಸೂಜಿಯ ತಂತಿ ಚುಚ್ಚಿ ಸೇರಿಸುವುದೇ ಸರಿ.

ಇಪ್ಪತ್ತು ಎಂಬ ಲೆಕ್ಕ ಬಂದದ್ದು ಫರಿಷ್ತಾನಿಂದ. ಇದೇ ಊರಿನಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಕೂತು ಚರಿತ್ರೆ ಬರೆದ ಅವನು, 1565ರ ಜನವರಿಯ ಈ ಕಾಳಗದಲ್ಲಿ ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್‌ಶಾಹನ ತೋಪುಗಳು ಹೇಗೆ ನಿಂತಿದ್ದವು ಎಂಬುದನ್ನು ಬಿಡಿಸಿ ಹೇಳುತ್ತಾನೆ. ಒಟ್ಟು 600 ತೋಪು, ಮೂರು ಸಾಲು, ಸಾಲಿಗೆ 200. ಮುಂದೆ ದೊಡ್ಡವು, ನಡುವೆ ಮಧ್ಯಮದವು, ಹಿಂದೆ ಸಣ್ಣ ತಿರುಗುತೋಪುಗಳು. ಒಂದಕ್ಕೊಂದು ಸರಪಳಿ, ಹಗ್ಗಗಳಿಂದ ಬಿಗಿದದ್ದು. ಅವು ಎದುರಿನವರ ಕಣ್ಣಿಗೆ ಬೀಳದಂತೆ ತೋಪಿನ ದಳದ ಮುಖ್ಯಸ್ಥ ರೂಮಿ ಖಾನ್ ಎರಡು ಸಾವಿರ ಬಿಲ್ಲಾಳುಗಳನ್ನು ಮುಂದೆ ನಿಲ್ಲಿಸಿದ್ದ. ನೂರಕ್ಕೆ ಒಂದರಂತೆ ಇಳಿಸಿದರೆ ಆರು ತೋಪು, ಇಪ್ಪತ್ತು ಬಿಲ್ಲಾಳು. ಉಳಿದ ಕಾಲಾಳು, ಕುದುರೆಗಳ ಸಂಖ್ಯೆ ಬರೆದವನಿಂದ ಬರೆದವನಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಒಂದು ಲೆಕ್ಕ ಮಾತ್ರ ಮೇಜಿನ ಮೇಲೆ ಹೊಂದಿಕೊಂಡು ಕೂರುತ್ತದೆ. ಅದಕ್ಕೇ ಇಡೀ ಸೇನೆಯನ್ನು ತೋಪಿನ ದಳದಿಂದ ಶುರುಮಾಡಿದ್ದು.

ಯಾವ ಕಂಪನಿಯ ಪೆಟ್ಟಿಗೆಯಲ್ಲೂ ಹೊಂದುವ ದಖ್ಖನಿ ತೋಪು ಕೈಗೆ ಸಿಗಲಿಲ್ಲ. ಮಾಡಿಕೊಂಡದ್ದು ಹೀಗೆ. ಮೂರು ಮೀಟರಿನ ತೋಪು ಈ ಅಳತೆಯಲ್ಲಿ 42 ಮಿ.ಮೀ. ಮುಗಿದುಹೋದ ಬಾಲ್‌ಪೆನ್ನಿನ ಲೋಹದ ರಿಫಿಲ್ಲನ್ನು ಅಷ್ಟುದ್ದಕ್ಕೆ ಕತ್ತರಿಸಿ, ಮೂರು ಕಡೆ ಹೊಲಿಗೆ ದಾರ ಸುತ್ತಿದರೆ ಪಟ್ಟಿಗಳು ಬಂದವು. ಒಂದು ಮೀಟರಿನ ಗಾಲಿಗೆ 14 ಮಿ.ಮೀ.ನ ಅಂಗಿ ಗುಂಡಿ. ನಾಲ್ಕು ತೂತುಗಳನ್ನು ಎಂ-ಸೀಲ್‌ನಿಂದ ಮುಚ್ಚಿ, ಹಸಿ ಇರುವಾಗಲೇ ಬ್ಲೇಡಿನಿಂದ ಮರದ ಹಲಗೆಯ ಗೆರೆ ಎಳೆದರೆ ಬಂಡಿಯ ಇಡಿಗಾಲಿಯಾಗುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ರಿಫಿಲ್ಲಿನೊಳಗೆ ಉಳಿದ ಶಾಯಿಯನ್ನು ಸ್ಯಾನಿಟೈಸರಿನಲ್ಲಿ ನೆನೆಸಿ, ತಂತಿ ಆಡಿಸಿ ಪೂರ್ತಿ ತೆಗೆಯದಿದ್ದರೆ ಅದು ಪ್ರೈಮರನ್ನೂ ಬಣ್ಣವನ್ನೂ ದಾಟಿ ಮೇಲೇಳುತ್ತದೆ. ಕಂಚಿನ ಬಣ್ಣದ ಬಾಯಿಯ ಸುತ್ತ ನೇರಳೆ ಉಂಗುರ ಕಾಣಿಸಿಕೊಂಡರೆ ಮತ್ತೆಷ್ಟು ಬಣ್ಣ ಹಚ್ಚಿದರೂ ಅದು ನಿಲ್ಲುವುದಿಲ್ಲ, ಹೊಸದನ್ನೇ ಮಾಡಬೇಕು.

ತೋಪಿನ ಪಕ್ಕದಲ್ಲಿ ತೆರೆದ ಬಾಯಿಯ ಒಂದು ಚೀಲವನ್ನೂ ಇಟ್ಟೆವು. ತೋಪುಗಳಿಗೆ ತಾಮ್ರದ ನಾಣ್ಯ ತುಂಬಿ ಹಾರಿಸಿದರು ಎಂದು ಅದೇ ಫರಿಷ್ತಾ ಬರೆಯುತ್ತಾನೆ. ಕಡಲೆಕಾಳಿನಷ್ಟು ಎಂ-ಸೀಲ್, ಬಾಯಿಗೆ ಟೂತ್‌ಪಿಕ್ಕಿನ ತುದಿಯಿಂದ ಒಂದು ಗುಳಿ. ನಾಣ್ಯವನ್ನು ಬಿಡಿಬಿಡಿಯಾಗಿ ತೋರಿಸಲಾಗದು, ಎರಡು ಸೆಂಟಿಮೀಟರಿನ ನಾಣ್ಯ ಇಲ್ಲಿ ಮಿ.ಮೀ.ನ ಮೂರನೇ ಒಂದು ಪಾಲೂ ಇಲ್ಲ. ವೈರಿನ ತಾಮ್ರದ ಎಳೆಯನ್ನು ಅರದಿಂದ ಉಜ್ಜಿ ಬಂದ ಪುಡಿಯನ್ನು ಫೆವಿಕಾಲ್ ಸವರಿದ ಗುಳಿಗೆ ಉದುರಿಸಿದೆವು. ಎರಡಡಿ ದೂರದಿಂದಲೂ ಆ ಕೆಂಪು ಮಿನುಗು ಕಾಣುತ್ತದೆ.

ಪ್ರೈಮರ್ ಗಟ್ಟಿಯಾಗುವಷ್ಟರಲ್ಲಿ ಶೆರ್ಜಾ ಬುರುಜಿಗೆ ಹೋಗಿ ಮಲಿಕ್-ಎ-ಮೈದಾನದ ಫೋಟೊ ತೆಗೆದುಕೊಂಡು ಬರುವುದು ಎಂದು ಮೊದಲೇ ಗೊತ್ತುಮಾಡಿದ್ದೆವು. ತಾಳಿಕೋಟೆ ಕಾಳಗದಲ್ಲಿ ಗರ್ಜಿಸಿದ್ದು ಇದೇ ತೋಪು ಎಂಬ ಮಾತು ಊರಲ್ಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅಷ್ಟು ಭಾರವನ್ನು ಬಯಲಿಗೆ ಎಳೆದು ತಂದು ದಿನದೊಳಗೆ ಸಾಲು ಕಟ್ಟಿದರು ಎಂಬುದನ್ನು ನಮ್ಮ ಮನಸ್ಸು ಒಪ್ಪುವುದಿಲ್ಲ. ಅದು ಪರಾಂಡಾ ಕೋಟೆಯಿಂದ ಇಲ್ಲಿಗೆ ಬಂದದ್ದು 1632ರಲ್ಲಿ. ಆದ್ದರಿಂದ ರಕ್ಕಸಗಿಯ ಮೇಜಿಗೆ ಅದನ್ನು ಇಡುವುದಿಲ್ಲ, ಔರಂಗಜೇಬನ 1685–86ರ ಮುತ್ತಿಗೆಯನ್ನು ಆಡುವಾಗ ಬುರುಜಿನ ಮೇಲೆ ಇಡುತ್ತೇವೆ. ಮಾಡುವುದಂತೂ ಮಾಡಲೇಬೇಕು. ಈ ಊರಲ್ಲಿದ್ದು ಅದನ್ನು ಮಾಡದಿದ್ದರೆ ಹೇಗೆ?

ಉದ್ದ ಸುಮಾರು 4.45 ಮೀಟರ್, ಅಡ್ಡಳತೆ ಒಂದೂವರೆ ಮೀಟರ್, ಗುಂಡು ತುಂಬುವ ತೂತು 70 ಸೆಂ.ಮೀ. 72ರಿಂದ ಭಾಗಿಸಿದರೆ 62, 21, 10 ಮಿ.ಮೀ. ವೈರಿಂಗಿನ 20 ಎಂಎಂ ಪಿವಿಸಿ ಪೈಪಿಗೆ ಎರಡು ಸುತ್ತು ಕಾಗದ ಅಂಟಿಸಿದರೆ ಹೊರಮೈ ಅಳತೆಗೆ ಸರಿಯಾಗಿ ಬರುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಧ ಫೂಟು ಕೇಳಿದ್ದಕ್ಕೆ, “ಅರ್ಧ ಫೂಟ ತಗೊಂಡ ಏನ್ ಮಾಡ್ತೀರ್ರಿ ಸರ? ಕೆಳಗ ತುಂಡ ಬಿದ್ದಾವ ನೋಡ್ರಿ, ಹಂಗ ಒಯ್ರಿ” ಎಂದರು. ಆ ತುಂಡುಗಳಲ್ಲಿ ಇನ್ನೂ ಮೂರು ತೋಪು ಆಗುತ್ತವೆ.

ತೂತಿಗೆ 10 ಮಿ.ಮೀ. ಮರದ ಕಡ್ಡಿಗೆ ವ್ಯಾಸಲೀನ್ ಸವರಿ, ಪೈಪಿನ ನಡುವೆ ಹಿಡಿದು, ಸುತ್ತಲೂ ಎಂ-ಸೀಲ್ ತುಂಬಬೇಕು. 20 ಮಿ.ಮೀ. ಆಳ ಸಾಕು, ಹಿಂದಿನ ಭಾಗಕ್ಕೆ ಕಾಗದ ತುರುಕಿದರಾಯಿತು. ಕಡ್ಡಿಯನ್ನು ಐದು ನಿಮಿಷಕ್ಕೊಮ್ಮೆ ತಿರುಗಿಸುತ್ತ, ಎಂ-ಸೀಲ್ ಉಗುರಿಗೆ ಗಟ್ಟಿ ತಾಗಿದ ಕೂಡಲೇ ಎಳೆದುಬಿಡಬೇಕು. ರಾತ್ರಿಯಿಡೀ ಬಿಟ್ಟ ಕಡ್ಡಿ ಹೊರಬರುವುದಿಲ್ಲ. ಏಪ್ರಿಲ್ ಸೆಕೆಗೆ ಎಂ-ಸೀಲ್ ಬೇಗ ಬಿಗಿಯುತ್ತದೆ. ಹೀಗಾಗಿ ಒಂದು ಸಲಕ್ಕೆ ಸುಣ್ಣದ ಗೋಲಿಯಷ್ಟು ಮಾತ್ರ ಕಲೆಸುವುದು, ಬೆರಳು ಒದ್ದೆ ಇಟ್ಟುಕೊಳ್ಳುವುದು.

ಬುರುಜಿನ ಮೇಲೆ ಫೋಟೊ ತೆಗೆದದ್ದು ಬಾಯಿಯ ಕಡೆಯಿಂದಲೇ ಹೆಚ್ಚು. ತೋಪಿನ ಬಾಯಿ ಎಂದರೆ ಸಿಂಹದ ಬಾಯಿ, ಅದರ ದವಡೆಯ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತಿರುವ ಆನೆ. ನೇರ ಎದುರಿನಿಂದ ನೋಡಿದರೆ ಆನೆ ಕಾಣುವುದಿಲ್ಲ. ಪಕ್ಕಕ್ಕೆ ಸರಿದು, ಮಂಡಿಯೂರಿ, ಬೆಳಗಿನ ಓರೆ ಬಿಸಿಲು ಬೀಳುವಾಗ ನೋಡಿದರೆ ಹಲ್ಲು, ಸೊಂಡಿಲು ಬೇರೆಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಬೊಂಬೆಯಲ್ಲಿ ಆ ಆನೆ ಐದು ಮಿ.ಮೀ. ದಾಟುವಂತಿಲ್ಲ. ಅಕ್ಕಿಕಾಳಿನಷ್ಟು ಮೈ, ಅದಕ್ಕೆ ದಾರದಷ್ಟು ಸೊಂಡಿಲು. ಸಿಂಹದ ಕಣ್ಣನ್ನು ಬಾಲ್‌ಪೆನ್ನಿನ ತುದಿಯಿಂದ ಒತ್ತಬೇಕು. ಹಲ್ಲುಗಳನ್ನು ಕೆತ್ತಲು ಹೋಗದೆ ಟೂತ್‌ಪಿಕ್ಕಿನ ಚೂಪು ತುದಿಗಳನ್ನೇ ಕತ್ತರಿಸಿ ನೆಡುವುದು ಎಷ್ಟೋ ಸುಲಭ. ಬಣ್ಣಕ್ಕೆ ಬಂಗಾರ ಬೇಡ. ಕಪ್ಪಿನಲ್ಲಿ ಹಸಿರು ಬೆರೆಸಿದ ತಳ, ಉಬ್ಬುಗಳ ಮೇಲೆ ಮಾತ್ರ ಒಣ ಕುಂಚದಿಂದ ಕಂಚು.

ಮಧ್ಯಾಹ್ನ ಆನೆಗಳ ಸರದಿ. ನಮ್ಮ ಕೈಗೆ ಸಿಕ್ಕದ್ದು ಕಾರ್ತೇಜಿನ ಆನೆಗಳ ಸೆಟ್ಟು. ಅವು ಆಫ್ರಿಕದವು, ಕಿವಿ ಹೆಗಲು ಮುಚ್ಚುವಷ್ಟು ದೊಡ್ಡದು, ಬೆನ್ನು ನಡುವೆ ತಗ್ಗು. ನಮ್ಮ ಆನೆಗೆ ಕಿವಿ ಸಣ್ಣ, ಬೆನ್ನು ಉಬ್ಬು, ನೆತ್ತಿಯ ಮೇಲೆ ಎರಡು ಗುಬುಟು. ಕಿವಿಯ ಕೆಳಗಿನ ಅರ್ಧವನ್ನು ಕತ್ತರಿಸಿ, ಬೆನ್ನಿಗೆ ಎಂ-ಸೀಲ್ ಮೆತ್ತಿ ಅದರ ಮೇಲೆ ಜೂಲು ಹೊದಿಸಿದರೆ ಮುಕ್ಕಾಲು ಕೆಲಸ ಆಯಿತು. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದರೆ ಒಳ್ಳೆಯ ಜೂಲಾಗುತ್ತದೆ. ವಿಜಯನಗರದ ರಾಮರಾಯನನ್ನು ಮಾತ್ರ ಆನೆಯ ಮೇಲೂ ಕೂಡಿಸಬಾರದು, ಕುದುರೆಯ ಮೇಲೂ ಕೂಡಿಸಬಾರದು. ಆ ದಿನ ಅವನು ಪಲ್ಲಕ್ಕಿಯಲ್ಲಿದ್ದ. ನಿಜಾಮ್‌ಶಾಹನ ಆನೆಯೊಂದು ನುಗ್ಗಿ ಬಂದಾಗ ಹೊರುವವರು ಬಿಟ್ಟು ಓಡಿದ್ದರಿಂದಲೇ ಸಿಕ್ಕಿಬಿದ್ದ. ಅದಕ್ಕಾಗಿ ಪಲ್ಲಕ್ಕಿಯನ್ನೂ ನಾಲ್ವರು ಬೋಯಿಗಳನ್ನೂ ಬೇರೆಬೇರೆ ತಳಕ್ಕೆ (ಬೊಂಬೆ ನಿಲ್ಲಿಸುವ ಹಲಗೆಯ ತುಂಡಿಗೆ) ಅಂಟಿಸಿದ್ದೇವೆ. ಬೋಯಿಗಳನ್ನು ಎತ್ತಿಕೊಂಡರೂ ಪಲ್ಲಕ್ಕಿ ನೆಲದಲ್ಲೇ ಉಳಿಯಬೇಕು.

ತಳಗಳ ವಿಷಯದಲ್ಲಿ ಹಿಂದಿನ ವಾರ ಪೂರ್ತಿ ಕೆಟ್ಟಿತ್ತು. ಕೃಷ್ಣೆಯ ದಂಡೆಯ ಕಾಳಗಕ್ಕೆ ಅಲ್ಲಿಯ ಎರೆಮಣ್ಣೇ ಬೇಕೆಂದು ತಾಳಿಕೋಟಿ ಕಡೆಯಿಂದ ಒಂದು ಚೀಲ ತರಿಸಿ, ನೀರು, ಫೆವಿಕಾಲ್ ಹಾಕಿ ಕಲೆಸಿ, 3 ಮಿ.ಮೀ. ಎಂಡಿಎಫ್ ತುಂಡುಗಳ ಮೇಲೆ ಬಳಿದಿದ್ದೆವು. ಬೆಳಗಾಗುವುದರಲ್ಲಿ ಎಲ್ಲ ಬಿರಿದು, ಹಲಗೆಗಳು ದೋಣಿಯಂತೆ ಬಾಗಿದ್ದವು. ಮಣ್ಣು ಕೊಟ್ಟ ಕಾಕಾ ಫೋನಿನಲ್ಲಿ ಕೇಳಿ, “ಎರಿ ಐತಲ್ಲೋ ತಮ್ಮಾ, ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಬಿರಿತೈತಿ. ಹೊಲದಾಗ ಕಾಲ ಹೋಗುವಂಥಾ ಬಿರುಕ ಬಿಡತಾವ, ನಿನ್ನ ಹಲಗಿ ಬಿಟ್ಟೀತೇನು?” ಎಂದರು. ಕಾರಣ ಅಷ್ಟೇ. ಮೇಲಾಗಿ, ತಳದಲ್ಲಿ ಒಂದು ಮಿ.ಮೀ. ಬಿರುಕು ಬಿಟ್ಟರೆ ಬೊಂಬೆಯ ಲೆಕ್ಕದಲ್ಲಿ ಏಳು ಸೆಂಟಿಮೀಟರ್. ಜನವರಿಯ ಹೊಲದಲ್ಲಿ ಅಷ್ಟು ಬಿರುಕು ಇರುವುದುಂಟು, ಆದರೆ ತಳದ ತುಂಬ ಅದೇ ಆದರೆ ಆಳುಗಳು ಒಣಗಿದ ಕೆರೆಯಲ್ಲಿ ನಿಂತಂತೆ ಕಾಣುತ್ತಾರೆ.

ಈ ಸಲ ಮಾಡಿದ್ದು ಬೇರೆ. ಎಂಡಿಎಫ್‌ನ ಎರಡೂ ಬದಿಗೆ ವಾರ್ನಿಶ್, ಒಂದೇ ಬದಿ ನೀರು ಕುಡಿದರೆ ಬಾಗುವುದು ಖಂಡಿತ. ಮೇಲೆ ಫೆವಿಕಾಲ್, ಅದರ ಮೇಲೆ ಸಣ್ಣ ಮರಳು. ಎರೆಮಣ್ಣನ್ನು ಬಿಸಿಲಲ್ಲಿ ಒಣಗಿಸಿ, ಕುಟ್ಟಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಹಳೆಯ ಹಂಚಿನ ಮೇಲೆ ಕಾಲು ಗಂಟೆ ಹುರಿದೆವು. ಹುರಿಯದಿದ್ದರೆ ಕಸದ ಬೀಜ, ಹುಳ ಎರಡೂ ಉಳಿಯುತ್ತವೆ. ಮರಳಿಗೆ ಕಂದು ಬಣ್ಣ ಹಚ್ಚಿ, ಅದು ಅರೆ ಒಣಗಿರುವಾಗ ಮಣ್ಣನ್ನು ಒಣದಾಗಿಯೇ ಉದುರಿಸಿದೆವು. ವಾರ್ನಿಶ್ ಬಿದ್ದ ಕೂಡಲೇ ಮಣ್ಣು ಇದ್ದಿಲಿನಷ್ಟು ಕಪ್ಪಾಗುತ್ತದೆ. ಸಣ್ಣ ಅಳತೆಯಲ್ಲಿ ಅಷ್ಟು ಕಪ್ಪು ಸಲ್ಲದು. ಬೂದಿ ಬೆರೆತ ಕಂದನ್ನು ಒಣ ಕುಂಚದಿಂದ ಮೇಲೆ ಸವರಿದಾಗ ಹಿಂಗಾರಿನ ಹೊಲ ಎದುರಿಗೆ ಬಂದಂತಾಯಿತು.

ಹಿಂಗಾರು ಎಂದ ಮೇಲೆ ಜೋಳ. ಜನವರಿಯಲ್ಲಿ ಈ ಭಾಗದ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ, ಆಳೆತ್ತರ ದಾಟಿ. ಎರಡು ಮೀಟರಿನ ದಂಟು 28 ಮಿ.ಮೀ., ಬಿಲ್ಲಾಳು 23. ಪರದೇಶಿ ಮಾದರಿಗಳಲ್ಲಿ ಸೊಂಟಮಟ್ಟದ ಗೋಧಿ ನೋಡಿದವರಿಗೆ ಇದು ತಪ್ಪಿದಂತೆ ತೋರಬಹುದು, ತಪ್ಪಿಲ್ಲ. ತೆಂಗಿನ ನಾರು ದಂಟಾಯಿತು, ತಿಳಿ ಹಳದಿ ಬಳಿದ ಕಾಗದದ ಸೀಳು ರವದಿ (ಒಣ ಎಲೆ). ತೆನೆಗೆ ಫೆವಿಕಾಲ್ ಚುಕ್ಕೆಯ ಮೇಲೆ ಮರಳು. ಮೊದಲು ರವೆ ಹಚ್ಚಿ ನೋಡಿದ್ದೆವು, ಎರಡೇ ದಿನಕ್ಕೆ ಇರುವೆಗಳು ಹೊತ್ತುಕೊಂಡು ಹೋದವು. ಜೋಳವನ್ನು ಬೊಂಬೆಯ ತಳಕ್ಕೆ ನೆಡಬಾರದು, ಬೇರೆ ತುಂಡುಗಳ ಮೇಲೆ ನೆಟ್ಟರೆ ಸೇನೆ ಒಳಹೊಕ್ಕಾಗ ಎತ್ತಿಡಬಹುದು.

ಸಂಜೆ ಆರಕ್ಕೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದಾಗ ಒಂದು ತೊಡಕು ಎದುರಾಯಿತು. ತೋಪಿನ ತಳ 60 ಮಿ.ಮೀ. ಅಗಲ, ಬಿಲ್ಲಾಳುಗಳ ಐದು ತಳಗಳೂ ಅಷ್ಟೇ. ಮುಂದಿನ ಎರಡು ತೋಪುಗಳ ನಡುವೆ 60 ಮಿ.ಮೀ. ಸಂದು ಬಿಟ್ಟದ್ದು, ವೈರಿ ಹತ್ತಿರ ಬಂದಾಗ ಬಿಲ್ಲಾಳುಗಳು ಒಂದೊಂದೇ ತಳವಾಗಿ ಅದರಲ್ಲಿ ಹಿಂದೆ ಸರಿಯಲಿ ಎಂದು. ಆದರೆ ಆ ಸಂದಿಗೇ ಸರಪಳಿ ಬಿಗಿಯಬೇಕು. ಮಾರ್ಕೆಟ್ಟಿನಿಂದ ತಂದ ನಕಲಿ ಸರದ 2 ಮಿ.ಮೀ. ಕೊಂಡಿಗಳ ಸರಪಳಿಯನ್ನು ಸೂಪರ್‌ಗ್ಲೂ ಹಾಕಿ ಎರಡೂ ಕಡೆ ಅಂಟಿಸಿಬಿಟ್ಟಿದ್ದೆವು. ತಳ ದಾಟಿಸುವಾಗ ಅದು ಬಿಲ್ಲುಗಳಿಗೆ ಸಿಕ್ಕಿ ಎರಡು ಬಿಲ್ಲು ಬಾಗಿದವು.

ಬಲಗಡೆಯದನ್ನು ಬ್ಲೇಡಿನಿಂದ ಬಿಡಿಸಿ, ತಾಮ್ರದ ತಂತಿಯ ಸಣ್ಣ ಕೊಕ್ಕೆಯನ್ನು ಗಾಲಿಯ ಅಚ್ಚಿಗೆ ಸಿಕ್ಕಿಸಿದೆವು. ಸರಪಳಿ 75 ಮಿ.ಮೀ. ಇಟ್ಟದ್ದರಿಂದ ನಡುವೆ ಜೋಲಿ ಬಿದ್ದು ಭಾರದ ಕಬ್ಬಿಣದ ಹಾಗೆಯೇ ತೂಗುತ್ತದೆ. ಕೊಕ್ಕೆ ಬಿಡಿಸಿದರೆ ದಾರಿ, ಮರಳಿ ಹಾಕಿದರೆ ಗೋಡೆ. ಬಾಗಿದ ಎರಡು ಬಿಲ್ಲುಗಳಿಗೆ ನೀರು ಕಾಯಿಸಲು ಇಟ್ಟು, ವಿಜಯನಗರದ ಕಡೆಯಿಂದ ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆವು. ಬಿಲ್ಲಾಳುಗಳ ಹಿಂದೆ ಒಂದು ತೋಪೂ ಕಾಣುತ್ತಿರಲಿಲ್ಲ.