"ಸಾರ್, ಹಾಲು ಉಕ್ಕುತ್ತಿದೆ, ಒಲೆ ಆರಿಸಿ ಬರಲೇ?"

ಈ ವಾರವಿಡೀ ಯಾವ ಕೆಲಸಕ್ಕೆ ಕೂತರೂ ಕಿವಿಯಲ್ಲಿ ಅದೇ ಮಾತು. ಕೇಳಿದವರು ನನ್ನ ಸೋದರತ್ತೆ. ಅನುಮತಿ ಬೇಡಿದ್ದು ಅವರದೇ ಮನೆಯಲ್ಲಿ, ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದ ಮೊಬೈಲಿನೊಳಗಿನ ಒಬ್ಬ ಖಾಕಿಧಾರಿಯ ಬಳಿ. ಅವನು ಗಡಿಯಾರ ನೋಡಿ, "ಒಂದು ನಿಮಿಷದಲ್ಲಿ ಬರಬೇಕು, ಮೊಬೈಲ್ ಕೈಯಲ್ಲೇ ಇರಲಿ" ಎಂದ. ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದರು.

ಬೆಳಗ್ಗೆಯಿಂದ ಅವರ ಫೋನ್ ಬಿಡುವಿಲ್ಲದೆ ಕಾರ್ಯನಿರತವಾಗಿದ್ದುದರಿಂದ ನಾನು ಹೋಗಿದ್ದೆ. ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು, ಮತ್ತೆ ಹೋಗಿ ಅದೇ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಹಾಲಿನ ಮಾತು ಬಂದದ್ದು ಆಮೇಲೆ. ಒಲೆಯ ಬಳಿ ಅವರ ಕೈಯಿಂದ ಮೊಬೈಲ್ ಕಿತ್ತುಕೊಂಡು ಕರೆ ಕತ್ತರಿಸಿದೆ. "ಏನು ಮಾಡಿದೆಯೋ! ಈಗ ಅವರು ಬಂದು ಹಿಡಿದುಕೊಂಡು ಹೋಗುತ್ತಾರೆ" ಎಂದು ನಡುಗಿದರು.

ಕಥೆ ಹಳೆಯದೇ, ವಿಡಿಯೊ ಕರೆಯಲ್ಲೇ 'ಬಂಧಿಸಿ' ಹಣ ಕೀಳುವ 'ಡಿಜಿಟಲ್ ಅರೆಸ್ಟ್' ವಂಚನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ದುರ್ಬಳಕೆಯಾಗಿದೆ, ಮುಂಬೈ ಪೊಲೀಸರಿಗೆ ಕರೆ ವರ್ಗಾಯಿಸುತ್ತೇವೆ. ಅತ್ತೆಗೆ ಹಿಂದಿ ಬಾರದೆಂದು ಕನ್ನಡ ಬಲ್ಲ 'ಅಧಿಕಾರಿ'ಯನ್ನೇ ಒದಗಿಸಿದ್ದರು. ಲಾಂಛನ, ಮೊಹರು, ಸಹಿ ಎಲ್ಲ ಇದ್ದ ಆದೇಶಪತ್ರ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಹಣ ಪರಿಶೀಲನೆಗಾಗಿ ಮಾತ್ರ, ನಿರಪರಾಧಿ ಎಂದು ಖಚಿತವಾದ ಮೇಲೆ ಖಾತೆಗೆ ವಾಪಸ್. ಯಾರಿಗಾದರೂ ಹೇಳಿದರೆ ಅವರೂ ಆರೋಪಿಗಳು. ಹಿಂದಿನ ಮಧ್ಯಾಹ್ನವೇ ಒಂದು ಠೇವಣಿ ಮುರಿದು, ಅವರು ಹೇಳಿದ ಖಾತೆಗೆ ಬ್ಯಾಂಕಿನಿಂದ ಎಂಟು ಲಕ್ಷ ರೂಪಾಯಿ ಆರ್‌ಟಿಜಿಎಸ್ ಮಾಡಿಸಿದ್ದರು. ನಾನು ಹೋದದ್ದು ಎರಡನೆಯ ಠೇವಣಿಯ ಮಾತುಕತೆ ನಡೆಯುತ್ತಿದ್ದಾಗ.

ಸುದ್ದಿ ತಿಳಿದ ಬಂಧುಗಳೊಬ್ಬರು ಫೋನಿನಲ್ಲಿ ಮೊದಲು ಆಡಿದ ಮಾತು, "ಅತಿಯಾಸೆ ಗತಿಗೇಡು". ನನಗೆ ಮೈ ಉರಿಯಿತು. ಎಲ್ಲಿತ್ತು ಆಸೆ? ಷೇರಿನಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರ ಬಲೆಗೆ ಬಿದ್ದವರ ಬಗ್ಗೆ ಹಾಗೆ ಹೇಳಬಹುದೇನೋ, ಅದನ್ನೂ ನಾನು ಹೇಳಲಾರೆ. ಅತ್ತೆ ಬಲಿಯಾದದ್ದು ವಿಧೇಯತೆಗೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೇಲಿನ ಕಚೇರಿಯ ಮೆಮೋಗೆ ಗಡುವಿನೊಳಗೆ ಉತ್ತರ ಕೊಡದೆ ಮಲಗಿದವರಲ್ಲ. ಲಾಂಛನವಿರುವ ಕಾಗದ ಬಂದರೆ ಎದ್ದು ನಿಲ್ಲುವ ಆ ತಲೆಮಾರನ್ನು ಕಳ್ಳರು ಚೆನ್ನಾಗಿ ಓದಿಕೊಂಡಿದ್ದಾರೆ. ಒಲೆ ಆರಿಸಲು ಅಪ್ಪಣೆ ಕೇಳುವವರು ದುರಾಸೆಯವರಲ್ಲ.

"ಪೇಪರ್ ಓದುವುದಿಲ್ಲವೇ?" ಎಂದೂ ಕೆಲವರು ಕೇಳಿದರು. ದಿನವೂ ಓದುತ್ತಾರೆ. 2024ರ ಅಕ್ಟೋಬರ್ 27ರ 'ಮನದ ಮಾತು' ಕಾರ್ಯಕ್ರಮದಲ್ಲಿ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಪ್ರಧಾನಿ ಹೇಳಿದ್ದು ಅವರಿಗೆ ನೆನಪಿದೆ. ಸುಪ್ರೀಂ ಕೋರ್ಟಿನ ನಕಲಿ ಆದೇಶ ತೋರಿಸಿ ಅಂಬಾಲಾದ ವೃದ್ಧ ದಂಪತಿಯನ್ನು ವಂಚಿಸಿದ ಪ್ರಕರಣದಲ್ಲಿ, 2025ರ ಅಕ್ಟೋಬರ್‌ನಲ್ಲಿ ಆ ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಇಳಿದದ್ದೂ ಗೊತ್ತು. ಆದರೆ ಅವರ ಮನೆಗೆ ಅದು ಆ ಹೆಸರು ಹೊತ್ತು ಬರಲಿಲ್ಲ. 'ವಿಚಾರಣೆಗೆ ಸಹಕರಿಸಿ' ಎಂಬ ಮರ್ಯಾದೆಯ ಮಾತಾಗಿ ಬಂತು. ಯೋಚಿಸಲು ಬಿಡುವು ಕೊಡದಿರುವುದೇ ಈ ದಂಧೆಯ ಬಂಡವಾಳ. ಅದಕ್ಕೇ ಕರೆ ಕತ್ತರಿಸಲು, ಕ್ಯಾಮೆರಾದಿಂದ ಆಚೆ ಹೋಗಲು, ಮಕ್ಕಳಿಗೆ ಹೇಳಲು ಬಿಡುವುದಿಲ್ಲ. ನಿಜವಾದ ಪೊಲೀಸರು ನೋಟಿಸ್ ಕೊಟ್ಟು ಠಾಣೆಗೆ ಕರೆಯುತ್ತಾರೆ. ಯಾವ ತನಿಖಾ ಸಂಸ್ಥೆಯೂ ಪರಿಶೀಲನೆಗೆಂದು ಹಣ ಹಾಕಿಸಿಕೊಳ್ಳುವುದಿಲ್ಲ.

ಅದೇ ಬಂಧುಗಳು, ಮಗ ವಿದೇಶದಿಂದ ಬರುವವರೆಗೆ ಕಾಯೋಣ, ಠಾಣೆಗೆ ಹೋದರೆ ಮನೆತನದ ಮಾನ ಹೋಗುತ್ತದೆ ಎಂದರು. ನಾನು ಕೇಳಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ಯಾವ ಬ್ಯಾಂಕ್, ಎಷ್ಟು ಹೊತ್ತಿಗೆ, ಯಾವ ಖಾತೆಗೆ, ವಹಿವಾಟಿನ ಸಂಖ್ಯೆ ಏನು ಎಂದು ಕೇಳಿದರು. ಆರ್‌ಟಿಜಿಎಸ್ ಚೀಟಿಯನ್ನು ಅತ್ತೆ ಭಗವದ್ಗೀತೆಯ ಪುಟಗಳ ನಡುವೆ ಜೋಪಾನವಾಗಿಟ್ಟಿದ್ದರು, ಹಣ ವಾಪಸ್ ಬರುವಾಗ ಬೇಕಾಗುತ್ತದೆಂದು. ಕದ್ದ ಹಣ ಒಂದು ಖಾತೆಯಲ್ಲಿ ಕೂರುವುದಿಲ್ಲ. ಬಾಡಿಗೆಗೆ ಪಡೆದ ಹತ್ತಾರು ಖಾತೆಗಳಿಗೆ ಚೂರುಚೂರಾಗಿ ಹಂಚಿಹೋಗುತ್ತದೆ. ದೂರು ಬೇಗ ತಲುಪಿದರೆ ದಾರಿಯಲ್ಲಿರುವಷ್ಟನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ. ಮಾನಕ್ಕೆ ಅಂಜಿ ಕಳೆಯುವ ಒಂದೊಂದು ಗಂಟೆಯೂ ಕಳ್ಳನಿಗೆ ಕೊಡುವ ಉಡುಗೊರೆ.

ಸಂಜೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಠಾಣೆಯಲ್ಲಿ ಅತ್ತೆ ತಲೆ ಎತ್ತಲಿಲ್ಲ. ಅಲ್ಲಿದ್ದ ಮಹಿಳಾ ಪೇದೆ ಅವರ ಮುಂದೆ ನೀರಿನ ಲೋಟ ಇಟ್ಟು, "ಅಮ್ಮಾ, ಕದ್ದವನು ನಾಚಿಕೆಪಡಬೇಕು, ನೀವಲ್ಲ. ಮೊದಲಿನಿಂದ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದರು. ಆ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ನಮ್ಮ ಕುಟುಂಬದ ಹಿರಿಯರಲ್ಲಿ ಒಬ್ಬರಿಗೂ ಹೊಳೆಯದ ಮಾತು ಅವಳಿಗೆ ಹೊಳೆಯಿತು. ಅತ್ತೆ ಆಗ ಅತ್ತರು, ಆಮೇಲೆ ಗಣಿತದ ಮೇಷ್ಟರಂತೆ ದಿನಾಂಕ, ಸಮಯ, ಮೊತ್ತ ಎಲ್ಲವನ್ನೂ ಕ್ರಮವಾಗಿ ಹೇಳಿದರು.

ಸ್ವಲ್ಪ ಹಣ ಸಿಕ್ಕಿಬಿದ್ದಿದೆ. ಕೈಗೆ ಬರಲು ನ್ಯಾಯಾಲಯದ ಆದೇಶ ಬೇಕು. ಮೊನ್ನೆ ಇನ್ನೊಂದು ಕರೆ: ಶುಲ್ಕ ಕಟ್ಟಿದರೆ ಪೂರ್ತಿ ಹಣ ವಾಪಸ್ ಕೊಡಿಸುತ್ತಾರಂತೆ. ಸುಟ್ಟ ಗಾಯಕ್ಕೆ ಉಪ್ಪು ಸವರುವ ಈ ಎರಡನೆಯ ಬಲೆಯ ಬಗ್ಗೆಯೂ ಆ ಹುಡುಗಿ ಎಚ್ಚರಿಸಿದ್ದಳು. ಅತ್ತೆ ಸಂಖ್ಯೆ ಬರೆದಿಟ್ಟುಕೊಂಡು ಕರೆ ಕತ್ತರಿಸಿದರು.

ನನಗೆ ಇನ್ನೂ ನುಂಗಲಾಗದಿರುವುದು ಬ್ಯಾಂಕಿನವರ ನಡೆ. ದಶಕಗಳ ಗ್ರಾಹಕಿ, ಒಂಟಿ ವೃದ್ಧೆ, ಅವಧಿಗೆ ಮುನ್ನ ಠೇವಣಿ ಮುರಿಸಿ ಹೊರರಾಜ್ಯದ ಯಾವುದೋ ಟ್ರೇಡಿಂಗ್ ಸಂಸ್ಥೆಯ ಖಾತೆಗೆ ಹಾಕಿಸುತ್ತಾರೆ. ಕಿವಿಯಲ್ಲಿ ಫೋನ್ ಇದೆ, ಕೈ ನಡುಗುತ್ತಿದೆ. ಒಬ್ಬರಿಗೂ ಕೂರಿಸಿ ಮಾತನಾಡಿಸಬೇಕೆನಿಸಲಿಲ್ಲ. "ಗ್ರಾಹಕರೇ ಸಹಿ ಹಾಕಿದ್ದಾರಲ್ಲ" ಎಂದರು ವ್ಯವಸ್ಥಾಪಕರು. ಅತ್ತೆ ತಾವೇ ಕೂತು, ದುಂಡಗಿನ ಅಕ್ಷರದಲ್ಲಿ ಎರಡು ಪುಟದ ದೂರು ಬರೆದರು. ನಿನ್ನೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದೆವು. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಬರೆಯುತ್ತೇವೆ.